ಮೂಡಣ ಗಾಳಿ ಬೀಸಿದರೆ ಮಂಗಳೂರು ಯಾಕೆ ಬೇಯುತ್ತದೆ?

ಜನವರಿಯ ಒಂದು ರಾತ್ರಿ ಬೆಂಗಳೂರಿನಲ್ಲಿ ಬಸ್ಸು ಹತ್ತಿದಾಗ ನನ್ನ ಮೈಮೇಲೆ ಸ್ವೆಟರ್ ಇತ್ತು, ಕಿವಿಗೆ ಮಫ್ಲರ್ ಇತ್ತು. ಬೆಳಿಗ್ಗೆ ಪುತ್ತೂರಿನಲ್ಲಿ ಇಳಿದಾಗಲೂ ಸ್ವಲ್ಪ ತಂಪು ಇತ್ತು. ಹನ್ನೊಂದು ಗಂಟೆ ಹೊತ್ತಿಗೆ ಮಾವನ ಮನೆಯ ಅಂಗಳದಲ್ಲಿ ಬರಿಗಾಲಿನಲ್ಲಿ ನಿಲ್ಲೋಕೆ ಆಗಲಿಲ್ಲ.

"ಇದು ಚಳಿಗಾಲ ಅಲ್ವಾ ಮಾವ?" ಎಂದೆ.

ಅಂಗಳದ ತುಂಬ ಅಡಿಕೆ ಹರಡಿತ್ತು. ಅದನ್ನು ಕಾಲಿನಿಂದ ಕೆದಕುತ್ತಾ ಅವರು, "ಗಾಳಿ ಮೂಡಿನಿಂದ ಉಂಟಲ್ಲ ಮಾರಾಯ, ಮತ್ತೆ ಹೇಗಿರ್ತದೆ?" ಎಂದರು.

ಉತ್ತರ ಕೇಳಿ ನನಗೆ ಇನ್ನಷ್ಟು ಗೊಂದಲವಾಯಿತು. ಪುತ್ತೂರಿನ ಮೂಡಣಕ್ಕೆ ಘಟ್ಟ. ಘಟ್ಟದ ಮೇಲೆ ಸಕಲೇಶಪುರ, ಹಾಸನ. ಅದರಾಚೆ ನಾನು ಹಿಂದಿನ ರಾತ್ರಿ ನಡುಗುತ್ತಾ ನಿಂತಿದ್ದ ಬೆಂಗಳೂರು. ಚಳಿ ಇರುವ ಊರಿನ ಕಡೆಯಿಂದ ಬರುವ ಗಾಳಿ ತಂಪಾಗಿ ಇರಬೇಕಲ್ಲ? ಬಿಸಿ ಎಲ್ಲಿಂದ ಬಂತು?

ಮಾವ ಹೇಳಿದ್ದು ಸರಿ ಎಂದು ಗೊತ್ತಾಗಲು ನನಗೆ ಕೆಲವು ವರ್ಷ ಬೇಕಾಯಿತು. ಅದು ಗೊತ್ತಾದ ಮೇಲೆ ಹವಾಮಾನದ ಸುದ್ದಿ ಓದುವ ರೀತಿಯೇ ಬದಲಾಯಿತು. ಸೂರ್ಯ ಎಲ್ಲರಿಗೂ ಒಬ್ಬನೇ. ಒಂದೇ ತಿಂಗಳಲ್ಲಿ ಇವತ್ತಿನ ಬಿಸಿಲಿಗೂ ನಾಳೆಯ ಬಿಸಿಲಿಗೂ ದೊಡ್ಡ ವ್ಯತ್ಯಾಸ ಇರುವುದಿಲ್ಲ. ಆದರೂ ಒಂದು ದಿನ 31 ಡಿಗ್ರಿ, ಇನ್ನೊಂದು ದಿನ 37 ಆಗುತ್ತದೆ. ಆ ಆರು ಡಿಗ್ರಿಯ ಲೆಕ್ಕ ಕೇಳಬೇಕಾದ್ದು ಗಾಳಿಯನ್ನು. ಅದು ಎಲ್ಲಿಂದ ಹೊರಟಿತು, ಯಾವ ದಾರಿಯಲ್ಲಿ ಬಂತು, ದಾರಿಯಲ್ಲಿ ಏನು ಹೊತ್ತುಕೊಂಡಿತು, ಏನು ಇಳಿಸಿತು ಎಂಬುದೇ ನಮ್ಮೂರಿನ ಉಷ್ಣಾಂಶ.

ಗಾಳಿ ಇಳಿದರೆ ಬಿಸಿ

ಮೊದಲು ಈ ಮೂಡಣ ಗಾಳಿ ಯಾಕೆ ಬೀಸುತ್ತದೆ ಎಂದು ನೋಡೋಣ. ಚಳಿಗಾಲದಲ್ಲಿ ಉತ್ತರ ಭಾರತದ ನೆಲ ತಣ್ಣಗಾಗುತ್ತದೆ. ತಣ್ಣಗಿನ ಗಾಳಿ ತೂಕ ಜಾಸ್ತಿ. ಅದು ನೆಲದ ಮೇಲೆ ಒತ್ತಿ ಕೂರುತ್ತದೆ. ಅಲ್ಲಿ ಒತ್ತಡ ಹೆಚ್ಚು, ದಕ್ಷಿಣದ ಬೆಚ್ಚಗಿನ ಸಮುದ್ರದ ಮೇಲೆ ಒತ್ತಡ ಕಡಿಮೆ. ಗಾಳಿ ಯಾವಾಗಲೂ ಒತ್ತಡ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹರಿಯುತ್ತದೆ. ಭೂಮಿ ತಿರುಗುತ್ತಿರುವುದರಿಂದ ಆ ಹರಿವು ನೇರವಾಗಿ ಹೋಗದೆ ಬಲಕ್ಕೆ ವಾಲುತ್ತದೆ. ಹೀಗೆ ಉತ್ತರದಿಂದ ಹೊರಟ ಗಾಳಿ ಕರ್ನಾಟಕಕ್ಕೆ ಬರುವ ಹೊತ್ತಿಗೆ ಈಶಾನ್ಯದಿಂದಲೋ ಮೂಡಣದಿಂದಲೋ ಬೀಸುತ್ತಿರುತ್ತದೆ. ಶಾಲೆಯಲ್ಲಿ ಈಶಾನ್ಯ ಮಾರುತ ಎಂದು ಓದಿದ್ದು ಇದನ್ನೇ.

ಈ ಗಾಳಿ ದಖ್ಖನ್ ಪ್ರಸ್ಥಭೂಮಿಯ ಮೇಲೆ ಹಾದು, ಘಟ್ಟದ ಅಂಚಿಗೆ ಬಂದು, ಅಲ್ಲಿಂದ ಕೆಳಗೆ ಕರಾವಳಿಗೆ ಇಳಿಯುತ್ತದೆ. ಕಥೆ ಇರುವುದು ಈ ಇಳಿಯುವ ಕೆಲಸದಲ್ಲಿ.

ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪು ನೆನಪಿದೆಯಾ? ಹತ್ತಿಪ್ಪತ್ತು ಸಲ ಒತ್ತಿ ಆಮೇಲೆ ಅದರ ಬುಡ ಮುಟ್ಟಿದರೆ ಬಿಸಿಯಾಗಿರುತ್ತದೆ. ಗಾಳಿಯನ್ನು ಒತ್ತಿ ಚಿಕ್ಕ ಜಾಗಕ್ಕೆ ತುರುಕಿದರೆ ಅದು ಬಿಸಿಯಾಗುತ್ತದೆ. ಹೊರಗಿನಿಂದ ಬೆಂಕಿ ಬೇಕಿಲ್ಲ. ಒತ್ತಿದ ಶ್ರಮವೇ ಶಾಖವಾಗುತ್ತದೆ. ಘಟ್ಟದ ಮೇಲಿನ ಗಾಳಿಗೆ ಆಗುವುದೂ ಇದೇ. ಎತ್ತರದಲ್ಲಿ ಅದರ ಮೇಲಿರುವ ಗಾಳಿಯ ಹೊರೆ ಕಡಿಮೆ. ಕೆಳಗೆ ಇಳಿಯುತ್ತಾ ಹೋದಂತೆ ಹೊರೆ ಹೆಚ್ಚುತ್ತದೆ, ಗಾಳಿ ಒತ್ತಿಕೊಳ್ಳುತ್ತದೆ, ಬಿಸಿಯಾಗುತ್ತದೆ. ಒಣ ಗಾಳಿ ಒಂದು ಕಿಲೋಮೀಟರ್ ಇಳಿದರೆ ಹತ್ತಿರ ಹತ್ತಿರ 10 ಡಿಗ್ರಿ ಬಿಸಿಯೇರುತ್ತದೆ.

ಇನ್ನು ಲೆಕ್ಕ ಸುಲಭ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಜನವರಿ ಮಧ್ಯಾಹ್ನ ಅಲ್ಲಿ ಹಿತವಾದ 27 ಡಿಗ್ರಿ ಇದೆ ಎಂದುಕೊಳ್ಳಿ. ಅದೇ ಗಾಳಿಯನ್ನು ಹಾಗೇ ಎತ್ತಿ ಮಂಗಳೂರಿನ ಕಡಲ ದಂಡೆಗೆ ತಂದಿಟ್ಟರೆ ಒಂಬತ್ತು ಡಿಗ್ರಿ ಸೇರಿಕೊಂಡು 36 ಆಗುತ್ತದೆ. ನಡುವೆ ಘಟ್ಟ ಇನ್ನೂ ಎತ್ತರ ಇದ್ದರೂ ಪರವಾಗಿಲ್ಲ. ಒಣ ಗಾಳಿ ಹತ್ತುವಾಗ ಕಳೆದುಕೊಂಡದ್ದನ್ನು ಇಳಿಯುವಾಗ ಪೂರ್ತಿ ವಾಪಸ್ ಪಡೆಯುತ್ತದೆ. ನಿಜವಾದ ಗಾಳಿ ಇಷ್ಟು ಶಿಸ್ತಿನಿಂದ ಪ್ರಯಾಣ ಮಾಡುವುದಿಲ್ಲ, ದಾರಿಯಲ್ಲಿ ಬೇರೆ ಗಾಳಿಯೊಂದಿಗೆ ಬೆರೆಯುತ್ತದೆ, ರಾತ್ರಿ ಒಂದಿಷ್ಟು ಶಾಖ ಬಿಡುತ್ತದೆ. ಆದರೂ ಲೆಕ್ಕ ತೀರಾ ದೂರ ಹೋಗುವುದಿಲ್ಲ. ಮೂಡಣ ಗಾಳಿ ಜೋರಾಗಿರುವ ದಿನ ಮಂಗಳೂರಿನಲ್ಲಿ 35, 36 ಕಾಣುವುದು ಮಾಮೂಲು.

ನಾನು ಬೆಂಗಳೂರಿನ ಗಾಳಿ ತಂಪು ಎಂದುಕೊಂಡಿದ್ದೆ. ತಂಪು ಇದ್ದದ್ದು ಬೆಂಗಳೂರಿನ ಎತ್ತರದಲ್ಲಿ. ಗಾಳಿ ಘಟ್ಟ ಇಳಿಯುವಾಗ ಆ ತಂಪನ್ನು ಮೇಲೆಯೇ ಬಿಟ್ಟು ಬರುತ್ತದೆ.

ಹಾಗಾದರೆ ಬೆಳಿಗ್ಗೆ ಪುತ್ತೂರು ಯಾಕೆ ತಂಪಾಗಿತ್ತು? ರಾತ್ರಿ ಮೋಡವಿಲ್ಲದ ಆಕಾಶಕ್ಕೆ ನೆಲ ತನ್ನ ಶಾಖ ಬಿಟ್ಟುಕೊಡುತ್ತದೆ. ನೆಲಕ್ಕೆ ಅಂಟಿಕೊಂಡ ಗಾಳಿ ತಣ್ಣಗಾಗಿ ಒಂದು ತೆಳ್ಳಗಿನ ಚಾದರದ ಹಾಗೆ ತಗ್ಗಿನಲ್ಲಿ ಮಲಗುತ್ತದೆ. ಘಟ್ಟದಿಂದ ಇಳಿದ ಬಿಸಿ ಗಾಳಿ ಅದರ ಮೇಲಿನಿಂದ ಜಾರಿ ಹೋಗುತ್ತದೆ. ಬಿಸಿಲು ಏರಿ ಆ ಚಾದರ ಹರಿದ ಕೂಡಲೇ ಮೇಲಿನ ಬಿಸಿ ಗಾಳಿ ಕೆಳಗಿನದರ ಜೊತೆ ಕಲೆಯುತ್ತದೆ. ಅದಕ್ಕೇ ಅಂತಹ ದಿನಗಳಲ್ಲಿ ಒಂಬತ್ತರಿಂದ ಹನ್ನೊಂದರ ನಡುವೆ ಉಷ್ಣಾಂಶ ಮೆಟ್ಟಿಲು ಹತ್ತುವುದಿಲ್ಲ, ಲಿಫ್ಟಿನಲ್ಲಿ ಹೋಗುತ್ತದೆ.

ಉತ್ತರ ಭಾರತ ರಜಾಯಿ ಹೊದ್ದು ಕುಳಿತಿರುವ ದಿನಗಳಲ್ಲಿ, ದೇಶದಲ್ಲೇ ಅತಿ ಹೆಚ್ಚು ಉಷ್ಣಾಂಶ ದಾಖಲಾದ ಊರು ಎಂದು ಕಾರವಾರ, ಹೊನ್ನಾವರ, ಮಂಗಳೂರು, ಇಲ್ಲವೇ ಪಕ್ಕದ ಕಣ್ಣೂರು, ರತ್ನಾಗಿರಿಯ ಹೆಸರು ಆಗಾಗ ಬರುತ್ತದೆ. ರಾಯಚೂರು, ಕಲಬುರಗಿಯ ಹೆಸರಲ್ಲ! ಇದನ್ನು ಓದಿ ಬಯಲುಸೀಮೆಯ ಗೆಳೆಯರು ನಂಬುವುದೇ ಇಲ್ಲ. ಅವರ ಲೆಕ್ಕದಲ್ಲಿ ಕಡಲು ಎಂದರೆ ತಂಪು.

ಕಡಲ ಗಾಳಿ ಎಷ್ಟು ಗಂಟೆಗೆ ಬರುತ್ತದೆ?

ಕಡಲು ತಂಪು ಎನ್ನುವುದು ಸುಳ್ಳೇನಲ್ಲ. ಒಂದೇ ತೂಕದ ಒಣ ಮಣ್ಣಿಗಿಂತ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ನಾಲ್ಕೈದು ಪಟ್ಟು ಶಾಖ ಬೇಕು. ಜೊತೆಗೆ ಕಡಲ ನೀರು ಕದಡುತ್ತಿರುವುದರಿಂದ ಬಂದ ಶಾಖ ಆಳಕ್ಕೂ ಹಂಚಿಹೋಗುತ್ತದೆ. ಮಣ್ಣಿನಲ್ಲಿ ಹಾಗಲ್ಲ, ಮೇಲಿನ ಗೇಣು ಮಣ್ಣಿಗೇ ಎಲ್ಲಾ ಬಿಸಿಲು. ಹೀಗಾಗಿ ಹಗಲು ನೆಲ ಬೇಗ ಕಾಯುತ್ತದೆ, ನೆಲದ ಮೇಲಿನ ಗಾಳಿ ಹಗುರವಾಗಿ ಮೇಲೇಳುತ್ತದೆ, ಆ ಜಾಗಕ್ಕೆ ಕಡಲಿನ ತಂಪು ಗಾಳಿ ನುಗ್ಗುತ್ತದೆ. ರಾತ್ರಿ ತದ್ವಿರುದ್ಧ. ನೆಲ ಬೇಗ ತಣಿದು ಗಾಳಿ ಕಡಲ ಕಡೆಗೆ ಹರಿಯುತ್ತದೆ. ಎಂಜಿನ್ ಇಲ್ಲದ ಕಾಲದಲ್ಲಿ ಮೀನುಗಾರರು ಹಾಯಿ ಬಿಚ್ಚಿ ನಸುಕಿನಲ್ಲಿ ನೆಲದ ಗಾಳಿ ಹಿಡಿದು ಹೋಗುತ್ತಿದ್ದರು, ಮಧ್ಯಾಹ್ನದ ಮೇಲೆ ಕಡಲ ಗಾಳಿ ಹಿಡಿದು ದಡಕ್ಕೆ ಬರುತ್ತಿದ್ದರು. ದಿನಕ್ಕೆರಡು ಉಚಿತ ಬಸ್ಸು ಇದ್ದ ಹಾಗೆ.

ಸಾಮಾನ್ಯ ದಿನ ಕಡಲ ಗಾಳಿ ಹತ್ತು ಹನ್ನೊಂದು ಗಂಟೆಗೆ ಶುರುವಾಗುತ್ತದೆ. ಅದು ಬಂದ ಮೇಲೆ ಉಷ್ಣಾಂಶ ಏರುವುದು ನಿಲ್ಲುತ್ತದೆ. ಮೂಡಣ ಗಾಳಿ ಜೋರಾಗಿರುವ ದಿನ ಇಬ್ಬರಿಗೂ ಜಗಳ. ಘಟ್ಟದ ಗಾಳಿ ಕಡಲ ಗಾಳಿಯನ್ನು ದಡದಿಂದ ಆಚೆಗೇ ತಳ್ಳಿ ನಿಲ್ಲಿಸುತ್ತದೆ. ಹನ್ನೆರಡಾಗುತ್ತದೆ, ಒಂದಾಗುತ್ತದೆ, ಕೆಲವೊಮ್ಮೆ ಎರಡೂ ಆಗುತ್ತದೆ. ಅಷ್ಟು ಹೊತ್ತು ನೆಲ ಕಾಯುತ್ತಲೇ ಇರುತ್ತದೆ. ಕರಾವಳಿಯಲ್ಲಿ ಆ ದಿನದ ಗರಿಷ್ಠ ಉಷ್ಣಾಂಶ ಎಷ್ಟು ಎನ್ನುವುದು ಕಡಲ ಗಾಳಿ ಎಷ್ಟು ಗಂಟೆಗೆ ಒಳಗೆ ಬಂತು ಎನ್ನುವುದರ ಮೇಲೆ ನಿಂತಿದೆ. ಒಂದೆರಡು ಗಂಟೆ ತಡವಾದರೂ ಥರ್ಮಾಮೀಟರಿನಲ್ಲಿ ಕಾಣುತ್ತದೆ. ಕಡಲಿನಿಂದ ದೂರ ಇರುವ ಪುತ್ತೂರು, ಸುಳ್ಯಕ್ಕೆ ಅದು ತಲುಪುವುದು ಇನ್ನೂ ತಡ. ಅಲ್ಲಿನ ಬಿಸಿಲು ಮಂಗಳೂರಿಗಿಂತ ಜಾಸ್ತಿ ಇರುವುದಕ್ಕೆ ಇದೂ ಒಂದು ಕಾರಣ.

ಇಲ್ಲೊಂದು ಮಾತು. ಕನ್ನಡದಲ್ಲಿ ಸೆಕೆ ಬೇರೆ, ಬೇಗೆ ಬೇರೆ. ಮೂಡಣ ಗಾಳಿಯ ಬಿಸಿ ಒಣ ಬಿಸಿ. ತುಟಿ ಒಡೆಯುತ್ತದೆ, ಬೆವರು ಕಾಣುವ ಮೊದಲೇ ಆರಿಹೋಗುತ್ತದೆ. ಅದು ಬೇಗೆ. ಕಡಲ ಗಾಳಿ ಬಂದ ಮೇಲೆ ಅರ್ಧ ಗಂಟೆಯಲ್ಲಿ ಎರಡು ಮೂರು ಡಿಗ್ರಿ ಇಳಿಯುತ್ತದೆ, ಆದರೆ ಗಾಳಿಯಲ್ಲಿ ತೇವ ಏರುತ್ತದೆ. ಬೆವರು ಆರುವುದಿಲ್ಲ, ಅಂಗಿ ಬೆನ್ನಿಗೆ ಅಂಟುತ್ತದೆ. ಅದು ಸೆಕೆ. ಥರ್ಮಾಮೀಟರ್ ಕಡಿಮೆ ತೋರಿಸುತ್ತಿದ್ದರೂ ಮೈಗೆ ಹಿಂಸೆ ಜಾಸ್ತಿ ಆಗಬಹುದು. ಬೆವರು ಆವಿಯಾದರೆ ಮಾತ್ರ ಮೈ ತಣಿಯುತ್ತದೆ, ತೇವ ತುಂಬಿದ ಗಾಳಿ ಬೆವರನ್ನು ತೆಗೆದುಕೊಳ್ಳುವುದಿಲ್ಲ. ಹವಾಮಾನ ಇಲಾಖೆ ಬಿಸಿಗಾಳಿ ಎಂದು ಘೋಷಿಸಲು ಬಯಲಿನಲ್ಲಿ ಕನಿಷ್ಠ 40 ಡಿಗ್ರಿ ಬೇಕು ಎನ್ನುತ್ತದೆ, ಕರಾವಳಿಗೆ 37 ಸಾಕು. ಸಾಮಾನ್ಯವಾಗಿ ಎರಡೂ ಕಡೆ ಅದು ಮಾಮೂಲಿಗಿಂತ 4.5 ಡಿಗ್ರಿ ಹೆಚ್ಚೂ ಇರಬೇಕು. 2025ರ ಫೆಬ್ರವರಿ ಕೊನೆಯ ವಾರ ಕರಾವಳಿ ಕರ್ನಾಟಕಕ್ಕೆ ಬಿಸಿಗಾಳಿಯ ಎಚ್ಚರಿಕೆ ಬಂತು. ಇಲಾಖೆಯ ಲೆಕ್ಕದಲ್ಲಿ ಫೆಬ್ರವರಿ ಇನ್ನೂ ಚಳಿಗಾಲ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡುತ್ತದೆ ಎಂಬ ಮಾತಿದೆ. ಆ ವರ್ಷ ಶಿವರಾತ್ರಿ ಅದೇ ವಾರ ಇತ್ತು. ಕರಾವಳಿಯಲ್ಲಿ ಓಡಲು ಚಳಿಯೇ ಉಳಿದಿರಲಿಲ್ಲ.

ಬೆಟ್ಟ ಇಳಿದು ಬಿಸಿಯಾಗುವ ಗಾಳಿ ನಮ್ಮಲ್ಲಿ ಮಾತ್ರ ಇಲ್ಲ. ಯುರೋಪಿನ ಆಲ್ಪ್ಸ್ ಪರ್ವತದಲ್ಲಿ ಅದಕ್ಕೆ ಫೋನ್ (Foehn) ಎಂದು ಹೆಸರು, ಅಮೆರಿಕದ ರಾಕಿ ಪರ್ವತದಲ್ಲಿ ಚಿನೂಕ್. ಅಮೆರಿಕದ ದಕ್ಷಿಣ ಡಕೋಟಾದ ಸ್ಪಿಯರ್‌ಫಿಶ್ ಎಂಬ ಊರಿನಲ್ಲಿ 1943ರ ಜನವರಿ 22ರ ಬೆಳಿಗ್ಗೆ ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿದ್ದ ಉಷ್ಣಾಂಶ ಎರಡೇ ನಿಮಿಷದಲ್ಲಿ 7 ಡಿಗ್ರಿಗೆ ಏರಿತು. ಎರಡು ನಿಮಿಷದಲ್ಲಿ 27 ಡಿಗ್ರಿ! ಅಲ್ಲೂ ಕೆಲಸ ಮಾಡಿದ್ದು ಅದೇ ಸೈಕಲ್ ಪಂಪು. ತಗ್ಗಿನಲ್ಲಿ ಮಲಗಿದ್ದ ತಣ್ಣನೆಯ ಚಾದರವನ್ನು ಬೆಟ್ಟದ ಗಾಳಿ ಒಮ್ಮೆಲೇ ಎಳೆದು ಹಾಕಿತ್ತು.

ಆಷಾಢದಲ್ಲಿ ಎಲ್ಲಾ ತಿರುಗಾಮುರುಗಾ

ಜೂನ್ ಬಂದರೆ ಗಾಳಿ ಪೂರ್ತಿ ತಿರುಗುತ್ತದೆ. ಈಗ ಕಾದಿರುವುದು ಉತ್ತರ ಭಾರತದ ನೆಲ, ಒತ್ತಡ ಕಡಿಮೆ ಅಲ್ಲಿ. ಅರಬ್ಬಿ ಸಮುದ್ರದ ಗಾಳಿ ಪಡುವಣದಿಂದ ಘಟ್ಟಕ್ಕೆ ಬಡಿಯುತ್ತದೆ. ಈ ಸಲ ಹತ್ತುವ ಕಡೆ ಕರಾವಳಿ, ಇಳಿಯುವ ಕಡೆ ಬಯಲುಸೀಮೆ. ಪಂಪು ಅದೇ, ತಿರುಗಿಸಿ ಹಿಡಿದಿದ್ದಾರೆ ಅಷ್ಟೇ.

ಆದರೆ ಒಂದು ವ್ಯತ್ಯಾಸ ಇದೆ. ಈ ಗಾಳಿ ನೀರು ಹೊತ್ತಿದೆ. ಹತ್ತುತ್ತಾ ತಣ್ಣಗಾದಾಗ ಆವಿ ನೀರಾಗುತ್ತದೆ. ನೀರನ್ನು ಆವಿ ಮಾಡಲು ಒಲೆ ಬೇಕಲ್ಲ, ಆ ಒಲೆಯ ಶಾಖವನ್ನು ಆವಿ ಮತ್ತೆ ನೀರಾಗುವಾಗ ವಾಪಸ್ ಕೊಡುತ್ತದೆ. ಹಾಗಾಗಿ ಮಳೆ ಸುರಿಸುತ್ತಾ ಹತ್ತುವ ಗಾಳಿ ಕಿಲೋಮೀಟರಿಗೆ ಹತ್ತು ಡಿಗ್ರಿ ತಣಿಯುವುದಿಲ್ಲ, ಸುಮಾರು ಐದಾರು ಡಿಗ್ರಿ ಮಾತ್ರ ತಣಿಯುತ್ತದೆ. ಆಗುಂಬೆಯಲ್ಲಿ ನೀರು ಇಳಿಸಿ, ಹಗುರಾಗಿ, ಆಚೆ ಕಡೆ ಇಳಿಯುವಾಗ ಮಾತ್ರ ಹತ್ತರ ಲೆಕ್ಕದಲ್ಲಿ ಬಿಸಿಯೇರುತ್ತದೆ. ಕೊಟ್ಟದ್ದಕ್ಕಿಂತ ಪಡೆದದ್ದು ಹೆಚ್ಚು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಅಲ್ಲಿಂದ ಇನ್ನೂರು ಕಿಲೋಮೀಟರ್ ಒಳಗೇ ಇರುವ ಚಳ್ಳಕೆರೆಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಜುಲೈ ಮಧ್ಯಾಹ್ನ ಮಂಗಳೂರಿನಲ್ಲಿ 28, 29 ಡಿಗ್ರಿ ಇದ್ದರೆ ರಾಯಚೂರಿನಲ್ಲಿ 32, 33 ಇರುತ್ತದೆ. ಜನವರಿಯಲ್ಲಿ ಬಿಸಿ ಗಾಳಿಗೆ ಬೆಂದ ಕರಾವಳಿ ಈಗ ತಂಪು.

ಮಳೆ ಕಳೆದುಕೊಂಡರೂ ಗಾಳಿಯ ವೇಗ ಕಡಿಮೆಯಾಗುವುದಿಲ್ಲ. ಚಿತ್ರದುರ್ಗ, ಗದಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಅತಿ ಹೆಚ್ಚು ವಿದ್ಯುತ್ ಕೊಡುವುದು ಈ ತಿಂಗಳುಗಳಲ್ಲೇ. ಹಳೇ ಮೈಸೂರಿನ ಕಡೆ ಇದಕ್ಕೆ ಆಷಾಢದ ಗಾಳಿ ಎಂದೇ ಹೆಸರು. ಸಂಕ್ರಾಂತಿಗೆ ಗಾಳಿಪಟ ಹಾರಿಸುವುದು ಗುಜರಾತಿನ ರೂಢಿ. ದೊಡ್ಡಬಳ್ಳಾಪುರದಲ್ಲಿ ಗಾಳಿಪಟ ಏರುವುದು ಆಷಾಢದಲ್ಲಿ. ನಮ್ಮ ಗಾಳಿಪಟದ ಪಂಚಾಂಗ ಬರೆದದ್ದೂ ಮುಂಗಾರು ಮಾರುತವೇ.

ಎರಡು ಬಗೆಯ ಚಳಿ

ಡಿಸೆಂಬರಿನಲ್ಲಿ "ಬೆಂಗಳೂರಲ್ಲಿ ಭಾರಿ ಚಳಿ" ಎಂದು ಸುದ್ದಿ ಬಂದಾಗ ನಾನು ಮೊದಲು ಆಕಾಶ ನೋಡುತ್ತೇನೆ. ನೀಲಿ ಇದ್ದರೆ ಒಂದು ಕಥೆ, ಬೂದಿ ಇದ್ದರೆ ಇನ್ನೊಂದು.

ಆಕಾಶ ನೀಲಿಯಾಗಿದ್ದು ಉತ್ತರದಿಂದ ಒಣ ಗಾಳಿ ಬರುತ್ತಿದ್ದರೆ ಹಗಲು 27, ರಾತ್ರಿ 14 ಎಂಬಂತಿರುತ್ತದೆ. ಮೋಡ ಎಂದರೆ ಭೂಮಿಗೆ ಕಂಬಳಿ. ಅದಿಲ್ಲದ ರಾತ್ರಿ ನೆಲದ ಶಾಖ ಸೀದಾ ಮೇಲೆ ಹೋಗುತ್ತದೆ. ಬೀದರ್, ವಿಜಯಪುರದಲ್ಲಿ ಉಷ್ಣಾಂಶ ಒಂದಂಕಿಗೆ ಇಳಿಯುವುದು ಇಂತಹ ರಾತ್ರಿಗಳಲ್ಲಿ. ಉತ್ತರದ ತಣ್ಣನೆಯ ಗಾಳಿಗೆ ಕರ್ನಾಟಕದ ಹೆಬ್ಬಾಗಿಲು ಬೀದರ್. ಬೆಂಗಳೂರಿನ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ದಾಖಲಾದದ್ದು 1884ರ ಜನವರಿ 13ರಂದು. ಆ ದಾಖಲೆ ಇನ್ನೂ ಮುರಿದಿಲ್ಲ.

ಇನ್ನೊಂದು ಚಳಿ ಬಂಗಾಳ ಕೊಲ್ಲಿಯಿಂದ ಬರುತ್ತದೆ. 2024ರ ನವೆಂಬರ್ 30ರ ರಾತ್ರಿ ಫೆಂಗಲ್ ಚಂಡಮಾರುತ ಪುದುಚೇರಿ ಹತ್ತಿರ ದಡ ಸೇರಿತು. ಬೆಂಗಳೂರಿನಲ್ಲಿ ಜಿಟಿಜಿಟಿ ಮಳೆ, ಬಿಸಿಲಿಲ್ಲ, ಎಲ್ಲರ ಬಾಯಲ್ಲೂ "ಊಟಿ ಆಗೋಯ್ತು". ಇಂತಹ ದಿನ ಹಗಲಿನ ಉಷ್ಣಾಂಶ ಮಾಮೂಲಿಗಿಂತ ತುಂಬಾ ಕೆಳಗೆ ಇರುತ್ತದೆ, ಆದರೆ ರಾತ್ರಿಯದು ಮಾಮೂಲಿಗಿಂತ ಮೇಲೆ! ಮೋಡದ ಕಂಬಳಿ ಹಗಲು ಬಿಸಿಲನ್ನೂ ತಡೆಯುತ್ತದೆ, ರಾತ್ರಿ ಶಾಖ ಹೋಗುವುದನ್ನೂ ತಡೆಯುತ್ತದೆ. ಹಗಲಿಗೂ ರಾತ್ರಿಗೂ ಮೂರು ನಾಲ್ಕು ಡಿಗ್ರಿ ಅಂತರ ಅಷ್ಟೇ. ನಮಗೆ ನಡುಕ ಬರುವುದು ಒದ್ದೆ ಗಾಳಿ ಮೈಯ ಶಾಖ ಕದಿಯುವುದರಿಂದ. 2022ರ ಮೇ ತಿಂಗಳಲ್ಲಿ ಅಸಾನಿ ಚಂಡಮಾರುತ ಆಂಧ್ರದ ಕಡೆ ಬಂದಾಗ ಬೆಂಗಳೂರಿನ ಜನ ಬೇಸಿಗೆ ರಜೆಯಲ್ಲಿ ಸ್ವೆಟರ್ ಹುಡುಕಿದ್ದರು. ಚಂಡಮಾರುತ ಇದ್ದದ್ದು ನೂರಾರು ಕಿಲೋಮೀಟರ್ ದೂರ. ಬೆಂಗಳೂರಿಗೆ ಬಂದದ್ದು ಅದರ ಸೆರಗು.

ಏಪ್ರಿಲಿನ ಬೆಂಗಳೂರು, ಪೆಸಿಫಿಕ್ಕಿನ ಗಾಳಿ

ದೆಹಲಿಗೆ ಮೇ ಜೂನ್ ಸುಡು ತಿಂಗಳಾದರೆ ಬೆಂಗಳೂರಿಗೆ ಏಪ್ರಿಲ್. ಬಿಸಿಲು ಮೇನಲ್ಲೂ ಅಷ್ಟೇ ಇರುತ್ತದೆ, ಆದರೆ ಅಷ್ಟು ಹೊತ್ತಿಗೆ ಪಡುವಣದ ಗಾಳಿ ಬಲವಾಗುತ್ತದೆ, ಸಂಜೆ ಮಳೆ ಶುರುವಾಗಿರುತ್ತದೆ. ಮಾರ್ಚ್, ಏಪ್ರಿಲಿನಲ್ಲಿ ಒಳನಾಡಿನ ಮೇಲೆ ಎರಡು ಗಾಳಿಗಳ ನಡುವೆ ಒಂದು ಗಡಿ ಬೀಳುತ್ತದೆ. ಒಂದು ಕಡೆ ಉತ್ತರದ ಒಣ ಬಿಸಿ ಗಾಳಿ, ಇನ್ನೊಂದು ಕಡೆ ಸಮುದ್ರದ ತೇವ. ಎರಡೂ ತಾಗುವಲ್ಲಿ ಗಾಳಿ ಮೇಲೇಳುತ್ತದೆ, ಮೂರು ಗಂಟೆಗೆ ಕಪ್ಪು ಮೋಡ, ನಾಲ್ಕಕ್ಕೆ ಗುಡುಗು, ಆಲಿಕಲ್ಲು. ಮಾವಿನ ಮಳೆ, ಕೊಡಗು ಚಿಕ್ಕಮಗಳೂರಿನ ಕಾಫಿ ಬೆಳೆಗಾರರು ಕಾಯುವ ಹೂಮಳೆ, ಎರಡೂ ಹುಟ್ಟುವುದು ಬಹುತೇಕ ಹೀಗೆ. ಮಳೆಹನಿ ಬೀಳುತ್ತಾ ಅರ್ಧ ಆವಿಯಾಗಿ ಗಾಳಿಯ ಶಾಖ ಹೀರುತ್ತದೆ. ತಣಿದ ಗಾಳಿ ದೊಪ್ಪನೆ ನೆಲಕ್ಕೆ ಬಿದ್ದು ಹರಡುತ್ತದೆ. ಹನಿಗೂ ಮುಂಚೆ ಬರುವ ಆ ಧೂಳು ತುಂಬಿದ ತಂಗಾಳಿ ಅದೇ.

ಗಡಿ ಸ್ವಲ್ಪ ಆಚೆ ಸರಿದರೆ ಮಳೆ ನಿಮಗಿಲ್ಲ. 2024ರ ಏಪ್ರಿಲಿನಲ್ಲಿ ಬೆಂಗಳೂರಿಗೆ ಹಾಗಾಯಿತು. ಇಡೀ ತಿಂಗಳು ಮಳೆ ಬರಲಿಲ್ಲ. ಏಪ್ರಿಲ್ 28ರಂದು 38.5 ಡಿಗ್ರಿ ತಲುಪಿತು. ಆ ನಗರದ ದಾಖಲೆ 39.2, ಅದು 2016ರ ಏಪ್ರಿಲ್ ಕೊನೆಯ ವಾರದ್ದು. ಈ ಎರಡೂ ವರ್ಷಗಳ ಹಿಂದೆ ಒಂದೇ ಹೆಸರಿದೆ, ಎಲ್ ನಿನೊ.

ಎಲ್ ನಿನೊ ಎಂದರೆ ಪೆಸಿಫಿಕ್ ಸಾಗರದ ಸಮಾಚಾರ. ಅಲ್ಲಿ ಸಮಭಾಜಕದ ಉದ್ದಕ್ಕೂ ಮೂಡಣ ಗಾಳಿ ಬೀಸುತ್ತಾ ಬೆಚ್ಚಗಿನ ನೀರನ್ನು ಇಂಡೊನೇಷ್ಯಾದ ಕಡೆಗೆ ಗುಡಿಸುತ್ತಿರುತ್ತದೆ. ಕೆಲವು ವರ್ಷಗಳಿಗೊಮ್ಮೆ ಆ ಗಾಳಿ ಸೋಲುತ್ತದೆ. ಬೆಚ್ಚಗಿನ ನೀರು ಪೆರುವಿನ ಕಡೆಗೆ ವಾಪಸ್ ಹರಿಯುತ್ತದೆ. ಮಳೆ ಮೋಡ ಏಳುವ ಜಾಗ ಅದರ ಹಿಂದೆಯೇ ಹೋಗುತ್ತದೆ. ನಮ್ಮ ಕಡೆ ಗಾಳಿ ಏಳುವ ಬದಲು ಇಳಿಯುವ ಪ್ರವೃತ್ತಿ ಹೆಚ್ಚುತ್ತದೆ. ಇಳಿದರೆ ಏನಾಗುತ್ತದೆ ಎಂದು ಮೇಲೆ ನೋಡಿದೆವಲ್ಲ. ಮೋಡ ಕರಗುತ್ತದೆ, ಬಿಸಿ ಹೆಚ್ಚುತ್ತದೆ. ಎಲ್ಲಾ ಎಲ್ ನಿನೊ ವರ್ಷಗಳೂ ನಮಗೆ ಬರ ತರುವುದಿಲ್ಲ, ಆದರೆ ಸಂಭವ ಜಾಸ್ತಿ. 2023ರ ಆಗಸ್ಟ್, 1901ರಿಂದ ಈಚೆಗೆ ದೇಶ ಕಂಡ ಅತಿ ಒಣ ಆಗಸ್ಟ್. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತು.

ಆಗಸ್ಟಿನಲ್ಲಿ ಮಳೆ ಬಾರದಿದ್ದರೆ ಮುಂದಿನ ಏಪ್ರಿಲಿಗೆ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಇರುವುದು ಮಣ್ಣಿನಲ್ಲಿ. ಮಣ್ಣಿನಲ್ಲಿ ನೀರಿದ್ದರೆ, ಕೆರೆ ತುಂಬಿದ್ದರೆ, ಮರಗಿಡ ಹಸಿರಾಗಿದ್ದರೆ ಬಿಸಿಲಿನ ದೊಡ್ಡ ಪಾಲು ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ನೀರೇ ಇಲ್ಲದಿದ್ದರೆ ಆ ಪಾಲೂ ಗಾಳಿಯನ್ನು ಕಾಯಿಸುವುದಕ್ಕೆ ಹೋಗುತ್ತದೆ. ಮಣ್ಣಿನ ಮಡಕೆಯಲ್ಲಿ ನೀರು ತಣ್ಣಗಿರುತ್ತದೆ, ಸ್ಟೀಲ್ ಬಿಂದಿಗೆಯಲ್ಲಿ ಇರುವುದಿಲ್ಲ. 2024ರ ಬೇಸಿಗೆಗೆ ಒಳನಾಡು ಪೂರ್ತಿ ಸ್ಟೀಲ್ ಬಿಂದಿಗೆ ಆಗಿತ್ತು. ಪೆಸಿಫಿಕ್ಕಿನಲ್ಲಿ ಗಾಳಿ ಸೋತದ್ದಕ್ಕೆ ಎಂಟು ತಿಂಗಳ ಮೇಲೆ ಮಲ್ಲೇಶ್ವರದಲ್ಲಿ ಫ್ಯಾನು ಮಾರಾಟವಾಯಿತು.

ಅಲೆ ಮತ್ತು ಉಬ್ಬರ

ಇಷ್ಟು ಓದಿದ ಮೇಲೆ ಒಂದು ಪ್ರಶ್ನೆ ಸಹಜ. ಗಾಳಿಯೇ ಎಲ್ಲಾ ಮಾಡುತ್ತದೆ ಎಂದರೆ ಭೂಮಿ ಬಿಸಿಯಾಗುತ್ತಿದೆ ಎನ್ನುವುದು ಏನು? ನನ್ನ ಚಿಕ್ಕಪ್ಪ ಒಬ್ಬರು ಪ್ರತಿ ಡಿಸೆಂಬರಿನಲ್ಲೂ ಬೀದರಿನ ಚಳಿಯ ಸುದ್ದಿ ಕಳಿಸಿ "ಎಲ್ಲಪ್ಪಾ ನಿನ್ನ ಜಾಗತಿಕ ತಾಪಮಾನ?" ಎಂದು ಕೇಳುತ್ತಾರೆ.

ಕಡಲ ದಂಡೆಯಲ್ಲಿ ನಿಂತವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲೆ ಮುಂದೆ ಬರುತ್ತದೆ, ಹಿಂದೆ ಹೋಗುತ್ತದೆ. ಒಂದು ಅಲೆ ನೋಡಿ ಉಬ್ಬರವೋ ಇಳಿತವೋ ಹೇಳಲಾಗದು. ಗಾಳಿ ಅಲೆ. ಒಂದು ದಿನದಲ್ಲಿ ಆರೇಳು ಡಿಗ್ರಿ ಆಚೀಚೆ ಮಾಡುತ್ತದೆ. ಭೂಮಿಯ ಬಿಸಿ ಉಬ್ಬರ. 1901ರಿಂದ 2018ರ ನಡುವೆ ಭಾರತದ ಸರಾಸರಿ ಉಷ್ಣಾಂಶ ಏರಿದ್ದು ಸುಮಾರು 0.7 ಡಿಗ್ರಿ. ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ಆದರೆ ಉಬ್ಬರ ಗೇಣು ಏರಿದರೂ, ಮೊದಲು ಮೆಟ್ಟಿಲು ಮುಟ್ಟದ ಅಲೆ ಈಗ ಜಗಲಿಗೆ ಬರುತ್ತದೆ. ಮೊದಲು 36.5ಕ್ಕೆ ನಿಲ್ಲುತ್ತಿದ್ದ ಮೂಡಣ ಗಾಳಿಯ ದಿನ ಈಗ 37 ದಾಟುತ್ತದೆ, ಅಂದರೆ ಬಿಸಿಗಾಳಿಯ ಗೆರೆ ದಾಟುತ್ತದೆ. 2023ರ ಫೆಬ್ರವರಿಯಲ್ಲಿ ದೇಶದ ಸರಾಸರಿ ಗರಿಷ್ಠ ಉಷ್ಣಾಂಶ 1901ರಿಂದ ಯಾವ ಫೆಬ್ರವರಿಯಲ್ಲೂ ಇಲ್ಲದಷ್ಟು ಏರಿತ್ತು. ಆ ತಿಂಗಳೂ ಗಾಳಿಯ ಆಟ ಇತ್ತು, ಆದರೆ ಆಡಿದ್ದು ಏರಿದ ನೀರಿನ ಮೇಲೆ. ಚಿಕ್ಕಪ್ಪನಿಗೆ ಇದನ್ನು ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಬಿಸಿ ಹೆಚ್ಚಿದಂತೆ ಗಾಳಿಯ ದಾರಿಯೂ ಬದಲಾಗಬಹುದು. ನೆಲ ಮತ್ತು ಕಡಲು ಒಂದೇ ವೇಗದಲ್ಲಿ ಬಿಸಿಯಾಗುವುದಿಲ್ಲ, ಒತ್ತಡದ ವ್ಯತ್ಯಾಸ ಹುಟ್ಟುವುದೇ ಅವೆರಡರ ನಡುವೆ. ಅರಬ್ಬಿ ಸಮುದ್ರವೇ ಬಿಸಿಯಾಗುತ್ತಿರುವಾಗ ಕಡಲ ಗಾಳಿಯ ತಂಪೂ ಅಷ್ಟರಮಟ್ಟಿಗೆ ಕಡಿಮೆ, ಅದರಲ್ಲಿನ ತೇವ ಜಾಸ್ತಿ. ಕರಾವಳಿಯ ಸೆಕೆಗೆ ಇದು ಒಳ್ಳೆಯ ಸುದ್ದಿಯಲ್ಲ.

ನಿಮ್ಮ ಫೋನಿನ ಹವಾಮಾನದ ಆ್ಯಪಿನಲ್ಲಿ ಉಷ್ಣಾಂಶದ ಕೆಳಗೆ ಒಂದು ಸಣ್ಣ ಬಾಣ ಇರುತ್ತದೆ, ಹೆಚ್ಚಿನವರು ನೋಡುವುದಿಲ್ಲ. ಈಶಾನ್ಯ ಎಂದು ಬರೆದಿದ್ದರೆ ಗಾಳಿ ಈಶಾನ್ಯದ ಕಡೆಗೆ ಹೋಗುತ್ತಿದೆ ಎಂದಲ್ಲ, ಅಲ್ಲಿಂದ ಬರುತ್ತಿದೆ ಎಂದರ್ಥ. ಕರಾವಳಿಯವರು ಫೆಬ್ರವರಿಯಲ್ಲಿ ಬೆಳಿಗ್ಗೆ ಹತ್ತಕ್ಕೊಮ್ಮೆ, ಮಧ್ಯಾಹ್ನ ಒಂದಕ್ಕೊಮ್ಮೆ ಅದನ್ನು ನೋಡಿ. ಒಂದಕ್ಕೂ ಗಾಳಿ ಮೂಡಣದಿಂದಲೇ ಬರುತ್ತಿದ್ದರೆ ಅವತ್ತು ಕೊಡೆ ಇಲ್ಲದೆ ಹೊರಗೆ ಹೋಗಬೇಡಿ.

ನಮ್ಮ ಮಾವನಿಗೆ ಆ್ಯಪ್ ಬೇಡ. ಸಿಪ್ಪೆ ಸಮೇತ ಅಂಗಳದಲ್ಲಿ ಒಣಗಿಸುವ ಚಾಲಿ ಅಡಿಕೆಗೆ ನಲವತ್ತು ನಲವತ್ತೈದು ದಿನದ ಬಿಸಿಲು ಬೇಕು. ಕಡಲ ಗಾಳಿಯ ತೇವಕ್ಕೆ ಅದು ಬೇಗ ಒಣಗುವುದಿಲ್ಲ, ಮೂಡಣ ಗಾಳಿಗೆ ಒಣಗುತ್ತದೆ. ನಾನು ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದಾಗ ಅವರು ಒಂದು ಅಡಿಕೆ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ಗಲಗಲ ಎಂದಿತು. "ಇನ್ನು ಹತ್ತು ದಿನ ಹೀಗೇ ಇರಲಿ" ಎಂದರು.